ಪೆಟ್ಟಿಗೆಯಣ್ಣನ ಶಿಲುಬೆ

ಸುತ್ತಿಗೆಯ ಒಂದೇ ಪೆಟ್ಟಿಗೆ ಮೊಳೆಯನ್ನು ತಲೆಯವರೆಗೂ ಇಳಿಸುತ್ತೇನೆ, ಅದಕ್ಕೇ ನನಗೆ ಪೆಟ್ಟಿಗೆಯಣ್ಣ ಎಂಬ ಹೆಸರು ಬಂತು ಎಂದು ಅವನು ಹೇಳಿಕೊಳ್ಳುತ್ತಿದ್ದ. ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು. ಅವನು ಮಾಡುತ್ತಿದ್ದುದು ಶವಪೆಟ್ಟಿಗೆ. ಹೆಸರಿಗೆ ಬೇರೆ ಕಾರಣ ಹುಡುಕುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಅಂಗಡಿಯ ಎಡಕ್ಕೆ ಆಸ್ಪತ್ರೆಯ ಗೇಟು, ಬಲಕ್ಕೆ ಚರ್ಚಿನ ಕಾಂಪೌಂಡು. ಯಾರನ್ನಾದರೂ ಅವನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರೆ ಸಾಕು, ಅವರು ಮಾರನೆಯ ದಿನವೇ ರಕ್ತಪರೀಕ್ಷೆಗೆ ಓಡುತ್ತಿದ್ದರು. ಹೆಣ್ಣು ಕೊಡಲು ಬಂದವರು ಬಾಗಿಲಲ್ಲಿ ಒರಗಿಸಿಟ್ಟ ಮುಚ್ಚಳಗಳನ್ನು ನೋಡಿ, ನೀರೂ ಕುಡಿಯದೆ ಎದ್ದು ಹೋಗಿದ್ದರು. ಹಾಗಾಗಿ ಅವನಿಗೆ ಸಂಸಾರ ಅಂದರೆ ಅಣ್ಣನ ಸಂಸಾರವೇ.

ಅಣ್ಣ ತೀರಿಕೊಂಡ ಮೇಲೆ ಆ ಸಂಸಾರದಲ್ಲಿ ಉಳಿದವರು ಅತ್ತಿಗೆ ಮತ್ತು ಅವಳ ಮಗಳು. ಅಂಗಡಿಗೆ ಎರಡು ಕೋಣೆ: ಒಳಗೆ ಸುತ್ತಿಗೆ, ಹೊರಗೆ ಅತ್ತಿಗೆ. ಒಳಕೋಣೆಯಲ್ಲಿ ಅವನು ಹಲಗೆ ಹೆರೆಯುತ್ತಿದ್ದರೆ, ಬೀದಿ ಕಡೆಯ ಕೋಣೆಯಲ್ಲಿ ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಪೆಟ್ಟಿಗೆಯ ಒಳಗೆ ಹಾಸುವ ಬಿಳಿ ಬಟ್ಟೆಗೆ ನೆರಿಗೆ ಹಿಡಿಯುತ್ತಿದ್ದಳು, ತಲೆಗೊಂದು ಪುಟ್ಟ ದಿಂಬು ಹೊಲಿಯುತ್ತಿದ್ದಳು. "ಇಷ್ಟು ವರ್ಷದಲ್ಲಿ ಒಬ್ಬರೂ ದಿಂಬು ಒತ್ತುತ್ತೆ ಅಂತ ವಾಪಸ್ ತಂದಿಲ್ಲ. ಇಂಥ ಗಿರಾಕಿಗಳು ಬೇರೆ ಯಾವ ದರ್ಜಿಗೆ ಸಿಕ್ತಾರೆ ಹೇಳು?" ಎನ್ನುವುದು ಅವಳ ಮಾಮೂಲು ಮಾತು.

ಪೆಟ್ಟಿಗೆಯಲ್ಲದ ವಸ್ತು ಅವನ ಕೈಯಿಂದ ಹೊರಬಂದದ್ದು ಒಂದೇ ಸಲ. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ಒಂದು ಶುಕ್ರವಾರ ಚರ್ಚಿನಿಂದ ಗುಡ್ಡದ ಮೇಲಿನ ಪ್ರಾರ್ಥನಾಲಯದವರೆಗೆ ಜನ ನಡೆದು ಹೋಗುತ್ತಾರೆ. ಮುಂದೆ ಆಳೆತ್ತರ ಮೀರಿದ ಮರದ ಶಿಲುಬೆ. ದಾರಿಯುದ್ದಕ್ಕೂ ಹದಿನಾಲ್ಕು ಸ್ಥಳಗಳಲ್ಲಿ ನಿಂತು ಪ್ರಾರ್ಥನೆ. ಒಂದು ಸ್ಥಳದಿಂದ ಇನ್ನೊಂದಕ್ಕೆ ಒಬ್ಬರು ಶಿಲುಬೆಯನ್ನು ಹೆಗಲ ಮೇಲಿಟ್ಟು, ತುದಿಯನ್ನು ನೆಲಕ್ಕೆ ಎಳೆಯುತ್ತಾ ಸಾಗಬೇಕು. ಹಳೆಯ ಶಿಲುಬೆ ಗಟ್ಟಿ ತೊಲೆಯದ್ದು. ಅದನ್ನು ಹೊತ್ತವರು ಈಸ್ಟರ್ ಹಬ್ಬದವರೆಗೂ ಭುಜಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ಅದಕ್ಕೆ ಗೆದ್ದಲು ಹಿಡಿದ ವರ್ಷ, ಹೊಸದೊಂದು ಮಾಡಿಕೊಡು ಎಂದು ಪೆಟ್ಟಿಗೆಯಣ್ಣನಿಗೆ ಹೇಳಿದರು.

ದಪ್ಪ ತೊಲೆ ಅವನ ಬಳಿ ಇರಲಿಲ್ಲ. ಇದ್ದಿದ್ದರೂ ಅದನ್ನೇನು ಮಾಡಬೇಕೆಂದು ಅವನ ಕೈಗೆ ತಿಳಿಯುತ್ತಿರಲಿಲ್ಲ. ತೆಳು ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ಒಳಗೆ ಜಾಗ ಬಿಟ್ಟು ಮುಚ್ಚುವುದು, ಆ ಕೈ ಕಲಿತಿದ್ದು ಅಷ್ಟೇ. ಶಿಲುಬೆಯನ್ನೂ ಹಾಗೇ ಮಾಡಿದ. ಮುಗಿಸಿ ನೋಡಿದರೆ ಶಿಲುಬೆಯ ಆಕಾರದ ಒಂದು ಖಾಲಿ ಪೆಟ್ಟಿಗೆ ತಯಾರಾಗಿತ್ತು. ಕೂಡಿಸಿದ ಗೆರೆ ಕಾಣದಂತೆ ಮರದ ಎಳೆಗೆ ಎಳೆ ಹೊಂದಿಸಿದ್ದ. ನೆಲಕ್ಕೆ ತಾಗುವ ತುದಿಗೆ ಮಾತ್ರ ಗಟ್ಟಿ ತುಂಡು ಕೂರಿಸಿದ್ದ. ಒಳಗೆ ಟೊಳ್ಳು ಅಂತ ಹೇಳಬೇಕೆಂದೇ ಇದ್ದ.

ಹೇಳುವ ಮೊದಲೇ ಶುಕ್ರವಾರ ಬಂತು. ಮೊದಲು ಹೆಗಲು ಕೊಟ್ಟವನು ಚರ್ಚಿನ ಗಂಟೆ ಹೊಡೆಯುವ ಮುದುಕ, ಎಲ್ಲರ ಬಾಯಲ್ಲಿ ಗಂಟೆ ಮಾಮ. ಹಳೆಯ ಶಿಲುಬೆಯ ಭಾರ ಎಲುಬಿಗೆ ಗೊತ್ತಿದ್ದವನು. ಇಳಿಸುವಾಗ ಅವನ ಕಣ್ಣಲ್ಲಿ ನೀರು. "ಹಿಂದಿನಿಂದ ಯಾರೋ ಎತ್ತಿ ಹಿಡಿದ ಹಾಗಿತ್ತಪ್ಪ" ಎಂದ. ಫಾದರ್ ಅಂದಿನ ಪ್ರವಚನದಲ್ಲಿ ಅದನ್ನೇ ಎತ್ತಿಕೊಂಡರು. ಸಾಮಾನ್ಯವಾಗಿ ಅವರ ಪ್ರವಚನಕ್ಕೆ ತೂಕ ಹೆಚ್ಚಿದಷ್ಟೂ ಜನಕ್ಕೆ ತೂಕಡಿಕೆ ಹೆಚ್ಚು; ಆವತ್ತು ಯಾರೂ ತೂಕಡಿಸಲಿಲ್ಲ. ಅಷ್ಟು ಜನರ ನಡುವೆ ಎದ್ದು ನಿಂತು, ಅದು ಟೊಳ್ಳು ಫಾದರ್, ಎನ್ನಲು ಪೆಟ್ಟಿಗೆಯಣ್ಣನಿಗೆ ಕಾಲೇ ಬರಲಿಲ್ಲ.

ಮಾತಿಗೆ ಕಾಲು ಬಂತು. ಮನಸ್ಸಿನಲ್ಲಿ ಒಂದು ಕೋರಿಕೆ ಇಟ್ಟುಕೊಂಡು ಹೊರಬೇಕು, ಶಿಲುಬೆ ಹಗುರವೆನಿಸಿದರೆ ದೇವರು ಹೂಂ ಅಂದ ಹಾಗೆ ಎಂಬ ನಂಬಿಕೆ ಒಂದೆರಡು ವರ್ಷದಲ್ಲಿ ಬೇರು ಬಿಟ್ಟಿತು. ಇಳಿಸಿದವರನ್ನೆಲ್ಲ ಜನ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಹಗುರಾಯ್ತಾ?" ಎಲ್ಲರಿಗೂ ಆಗುತ್ತಿತ್ತು. ಕೋರಿಕೆ ಫಲಿಸಿದವರು ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ಫಲಿಸದವರು ತಮ್ಮಲ್ಲೇ ಏನೋ ಐಬಿರಬೇಕೆಂದು ಬಾಯಿ ಮುಚ್ಚುತ್ತಿದ್ದರು. ತಪಸ್ಸುಕಾಲದಲ್ಲಿ ಜನ ಬಡಿದುಕೊಳ್ಳುವುದು ತಮ್ಮ ಎದೆಯನ್ನು; ಶಿಲುಬೆಯನ್ನು ಬಡಿದು ನೋಡುವವರು ಯಾರು?

ಅಣ್ಣನೂ ಹೊತ್ತ. ಶ್ವಾಸಕೋಶ ಕೆಟ್ಟು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ ವರ್ಷ ಅದು. ಬೇಡವೆಂದರೂ ಕೇಳಲಿಲ್ಲ. ಇಳಿಸಿದ ಮೇಲೆ ತಮ್ಮನ ಕೈ ಹಿಡಿದು, "ಗರಿ ಕಣೋ ತಮ್ಮಾ, ಹಕ್ಕಿ ಗರಿ" ಎಂದ. ಆ ವರ್ಷವೇ ಹೋಗಿಬಿಟ್ಟ. ಆದರೆ ಹೋಗುವವರೆಗೂ ಅವನ ಮುಖದಲ್ಲಿ ಭಯ ಕಾಣಲಿಲ್ಲ. "ರೋಗ ಹೋಗ್ಲಿಲ್ಲ, ದಿಗಿಲು ಹೋಯ್ತು. ಅಷ್ಟು ಕೊಟ್ಟ ದೇವರು" ಎಂದು ಅತ್ತಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅಣ್ಣನ ಪೆಟ್ಟಿಗೆಯನ್ನು ತನ್ನ ಕೈಯಾರೆ ಮುಚ್ಚಿದ ದಿನವೇ ಪೆಟ್ಟಿಗೆಯಣ್ಣ ತನ್ನ ಬಾಯನ್ನೂ ಮುಚ್ಚಿದ.

ಈ ವರ್ಷ, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಕಳೆದು ಸ್ವಲ್ಪ ದಿನಕ್ಕೆ ಅತ್ತಿಗೆಯ ಮಗಳು ಒಳಕೋಣೆಗೆ ಬಂದು ಬಾಗಿಲು ಮುಂದಕ್ಕೆ ಹಾಕಿದಳು. ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು, ಬೇಕಾದ್ದಷ್ಟೇ ಮಾತು.

"ಅಮ್ಮನ ಎದೇಲಿ ಗಂಟಿದೆ ಚಿಕ್ಕಪ್ಪ. ಸೂಜಿ ಹಾಕಿ ಪರೀಕ್ಷೆ ಮಾಡಿದಾರೆ. ತೆಗೀಲೇಬೇಕು, ತಡ ಮಾಡ್ಬೇಡಿ ಅಂದಿದಾರೆ."

ಅವನ ಕೈಯಲ್ಲಿದ್ದ ಉಳಿ ಮೇಜಿಗೆ ಇಳಿಯಿತು. "ಯಾವಾಗಂತೆ?"

"ಸೋಮವಾರ ಬಂದು ಸೇರ್ಕೊಳ್ಳಿ ಅಂದ್ರು. ಇವಳು ಒಪ್ಪಲ್ಲ. ಶುಕ್ರವಾರ ಶಿಲುಬೆ ಹೊರ್ತಾಳಂತೆ. ಹಗುರಾದ್ರೆ ಕತ್ತರಿ ಗಿತ್ತರಿ ಏನೂ ಬೇಡ, ದೇವರೇ ನೋಡ್ಕೊಳ್ತಾನಂತೆ. ನೀವು ಹೇಳಿ ಚಿಕ್ಕಪ್ಪ. ನಿಮ್ಮ ಮಾತು ಕೇಳ್ತಾಳೆ."

ಹಗುರಾಗದೆ ಎಲ್ಲಿ ಹೋಗುತ್ತದೆ? ಅವನು ಉಳಿಯನ್ನು ಮತ್ತೆ ಕೈಗೆತ್ತಿಕೊಂಡ.

ಮಧ್ಯಾಹ್ನ ಅವನು ಬೀದಿ ಕಡೆಯ ಕೋಣೆಗೆ ಬಂದು, ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತ. ಅತ್ತಿಗೆ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಮಗಳು ಹೇಳಿದ್ಲು" ಎಂದ.

"ಅವಳ ಹೊಟ್ಟೇಲಿ ಮಾತು ನಿಲ್ಲಲ್ಲ. ಟಿಕೆಟ್ ಥರ ಹರಿದು ಹರಿದು ಹಂಚ್ತಾಳೆ."

"ಅತ್ತಿಗೆ, ಆಸ್ಪತ್ರೆಗೆ ಹೋಗಿ. ಶಿಲುಬೆಯ ಮಾತು ಬೇರೆ, ಇದು ಬೇರೆ."

"ನಿನ್ನಣ್ಣನಿಗೆ ಒಂದೇ ಆಗಿತ್ತು."

"ಶಿಲುಬೆ ಹಗುರ ಇರೋದು... ಮರ ಹಗುರ, ಅದಕ್ಕೆ."

ಅವಳು ದಾರ ಬಿಟ್ಟು ಅವನನ್ನು ನೋಡಿದಳು. "ಅದೇ ಮರದಲ್ಲಿ ತಾನೆ ನೀನು ಪೆಟ್ಟಿಗೆ ಮಾಡೋದು? ನಿನ್ನಣ್ಣನ್ನ ಹೊತ್ತವರು ಹೆಗಲು ಬದಲಾಯಿಸಿ ಬದಲಾಯಿಸಿ ಸುಸ್ತಾದ್ರಲ್ಲ." ಆಮೇಲೆ ಮೆಲ್ಲಗೆ, "ನಂಗೆ ಕತ್ತರಿಗೆ ಹೆದರಿಕೆ ಅಂದ್ಕೋಬೇಡ. ನಾನು ದಿನಾ ಹಿಡಿಯೋದು ಅದನ್ನೇ. ಅವರನ್ನ ಕರ್ಕೊಂಡು ಹೋಗೋವಾಗ ದೇವರು ಎಷ್ಟು ಸಮಾಧಾನ ಕೊಟ್ಟ ಅಲ್ವಾ, ನನಗೇನು ಹೇಳ್ತಾನೋ ಕೇಳ್ಬೇಕು, ಅಷ್ಟೇ."

ಅವನು ಎದ್ದು ಒಳಕೋಣೆಗೆ ಹೋದ. ನಿಜ ಹೇಳಿದರೆ ಅವಳು ಉಳಿದಾಳು. ಆದರೆ ಅಣ್ಣನ ಕೊನೆಯ ದಿನಗಳ ಆ ನೆಮ್ಮದಿಯನ್ನು ಇವನೇ ಗುಂಡಿ ತೋಡಿ ಹೂತಂತೆ. ಹೇಳದಿದ್ದರೆ ಅವಳ ಅಳತೆ ತೆಗೆಯಬೇಕಾದೀತು. ಹಾಗೆಂದುಕೊಂಡ ಕೂಡಲೇ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಪಾಪನಿವೇದನೆಗೆ ಹೋದ. ಜಾಲರಿಯ ಆಚೆ ಫಾದರ್ ಎಲ್ಲ ಕೇಳಿಸಿಕೊಂಡರು. ಇಷ್ಟು ವರ್ಷ ಆ ಶಿಲುಬೆಯ ಮೇಲೆ ತಾವು ಕೊಟ್ಟ ಪ್ರವಚನಗಳನ್ನು ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದರೇನೋ.

"ಅವರಿಗೆ ಹೇಳಿಬಿಡಿ" ಎಂದರು ಕೊನೆಗೆ.

"ನೀವೇ ಹೇಳ್ಬಾರ್ದಾ ಫಾದರ್?"

"ಇಲ್ಲಿ ಕೇಳಿದ್ದನ್ನ ನಾನು ಹೊರಗೆ ಆಡೋ ಹಾಗಿಲ್ಲ, ನಿಮಗೇ ಗೊತ್ತು. ನನ್ನ ಬಾಯಿಗೆ ಬೀಗ. ಬೀಗದ ಕೈ ನಿಮ್ಮ ಹತ್ರ."

ಬೀಗ ತೆಗೆಯುವ ಬದಲು ಪೆಟ್ಟಿಗೆಯಣ್ಣ ಮುಚ್ಚಳ ತೆಗೆದ. ಗುರುವಾರ, ಪಾಲಿಶ್ ಮಾಡಬೇಕೆಂದು ಹೇಳಿ ಶಿಲುಬೆಯನ್ನು ಅಂಗಡಿಗೆ ತಂದ. ಹಿಂಬದಿಯ ಹಲಗೆಯನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಿ, ಮರಳಿಗೆ ಮರದ ಹೊಟ್ಟು ಬೆರೆಸಿ, ಅಲುಗಾಡಿದರೂ ಸದ್ದಾಗದಷ್ಟು ಬಿಗಿಯಾಗಿ ತುಂಬಿದ. ಹಲಗೆಯನ್ನು ಅಂಟು ಹಾಕಿ ಮುಚ್ಚಿ, ಎತ್ತಿ ನೋಡಿದ. ಅವನ ಸೊಂಟವೇ ಕಟಕ್ಕೆಂದಿತು. ಅವಳಿಗೆ ಹಗುರವಾಗುವ ಮಾತೇ ಇಲ್ಲ; ದೇವರು ಉಹೂಂ ಅಂದನೆಂದು ಇಳಿಸುತ್ತಾಳೆ, ಸೋಮವಾರ ಆಸ್ಪತ್ರೆಗೆ ಹೋಗುತ್ತಾಳೆ. ಅಣ್ಣನ ಗರಿ ಗರಿಯಾಗಿಯೇ ಉಳಿಯುತ್ತದೆ. ಒಂದು ಸುಳ್ಳಿನ ಹೊಟ್ಟೆ ತುಂಬಲು ಇನ್ನೊಂದನ್ನು ಸುರಿದದ್ದೆಂದು ಅವನಿಗೆ ಅನ್ನಿಸದೆ ಇರಲಿಲ್ಲ. ಕೈ ತೊಳೆದುಕೊಂಡ.

ಶುಕ್ರವಾರ ಬೆಳಿಗ್ಗೆ ಜನ ಚರ್ಚಿನ ಅಂಗಳದಲ್ಲಿ ಸೇರಿದರು. ವಾಡಿಕೆಯಂತೆ ಗಂಟೆ ಮಾಮನೇ ಮೊದಲು. ಹೆಗಲು ಕೊಟ್ಟು ಎತ್ತಿದವನು ಒಂದು ಹೆಜ್ಜೆ ಹಿಂದಕ್ಕೆ ಹೋದ. ಹಲ್ಲು ಕಚ್ಚಿಕೊಂಡು ಹಿಟ್ಟಿನ ಗಿರಣಿಯ ಮೂಲೆವರೆಗೆ ಎಳೆದ. ಇಳಿಸಿ ಕಟ್ಟೆಯ ಮೇಲೆ ಕುಸಿದು ಕೂತ.

"ಹಗುರಾಯ್ತಾ ಮಾಮ?" ಎಂದು ಯಾರೋ ಕೇಳಿದರು.

"ಈ ವರ್ಷ ನಮ್ಮ ಪಾಪ ಜಾಸ್ತಿ ಆಗಿದೆ ಕಣ್ರಪ್ಪ" ಎಂದ, ಉಸಿರು ಸಿಕ್ಕಿದ ಮೇಲೆ.

ಮುಂದಿನವನಿಗೂ ಅದೇ ಗತಿ, ಅವನ ಮುಂದಿನವನಿಗೂ. ಸಾಲಿನಲ್ಲಿ ಗುಸುಗುಸು ಹುಟ್ಟಿತು. ಪಾಪ ಜಾಸ್ತಿಯಾಗಿರುವುದು ನಿಜವಾದರೆ ಅದು ಯಾರದೆಂಬ ಲೆಕ್ಕ ಸಹಜವಾಗಿ ಶುರುವಾಯಿತು. ಬೇಕರಿಯವನು ಹೆಂಡತಿಯ ಕಡೆ ನೋಡಿದ. ಅವಳು ಅವನ ಕಡೆ ಮೊದಲೇ ನೋಡುತ್ತಿದ್ದಳು. ಜಪಮಾಲೆಯ ಮಣಿಗಳು ಎಂದಿಗಿಂತ ಜೋರಾಗಿ ಉರುಳಿದವು.

ಜನರ ಅಂಜಿಕೆ ಕಂಡು ಫಾದರ್ ತಾವೇ ಹೆಗಲು ಕೊಡಲು ಬಂದರು. ಒಳಗೆ ಬರೀ ಗಾಳಿ ಎಂದು ತಿಳಿದಿದ್ದವರು, ಪೆಟ್ಟಿಗೆಯಣ್ಣನ ಹೊರತು, ಅವರೊಬ್ಬರೇ. ಒಂದೇ ಕೈಯಲ್ಲಿ ಎತ್ತಲು ಹೋದರು. ಶಿಲುಬೆ ಮಿಸುಕಲಿಲ್ಲ. ಎರಡೂ ಕೈ ಹಾಕಿದರು. ಎತ್ತಿದ ಮೇಲೆ ಅವರ ಮುಖದ ಬಣ್ಣ ಇಳಿಯಿತು. ಆ ಇಡೀ ಮೆರವಣಿಗೆಯಲ್ಲಿ ನಿಜವಾದ ಪವಾಡ ಕಂಡವರಿದ್ದರೆ ಆ ಗಳಿಗೆಯಲ್ಲಿ ಅವರೇ. ಆಮೇಲೆ ಜನರ ನಡುವೆ ತಲೆ ತಗ್ಗಿಸಿ ನಿಂತ ಪೆಟ್ಟಿಗೆಯಣ್ಣನನ್ನು ನೋಡಿದರು. ಪವಾಡ ಕಣ್ಣಿನಿಂದ ಇಳಿಯಿತು, ಭಾರ ಹೆಗಲ ಮೇಲೇ ಉಳಿಯಿತು.

ಗುಡ್ಡದ ಏರು ಶುರುವಾಗುವಲ್ಲಿ ಅತ್ತಿಗೆಯ ಸರದಿ. ಮಗಳು ತೋಳು ಹಿಡಿಯಲು ಬಂದಳು. ಅತ್ತಿಗೆ ಕೈ ಬಿಡಿಸಿಕೊಂಡಳು. ಶಿಲುಬೆ ಹೆಗಲಿಗೆ ಬಂದಾಗ ಅವಳ ಮೊಣಕಾಲು ಬಾಗಿತು. ಈಗ ಇಳಿಸುತ್ತಾಳೆ, ಇನ್ನೊಂದು ಹೆಜ್ಜೆಗೆ ಇಳಿಸುತ್ತಾಳೆ ಎಂದು ಪೆಟ್ಟಿಗೆಯಣ್ಣ ಪಕ್ಕದಲ್ಲೇ ನಡೆದ. ಅವಳು ಇಳಿಸಲಿಲ್ಲ. ತುಟಿ ಕಚ್ಚಿ, ಸೆರಗು ಜಾರಿ, ಬೆವರು ಕಣ್ಣಿಗಿಳಿದು, ಕಾಯಿಲೆಯಿದ್ದ ಕಡೆಯ ಹೆಗಲನ್ನೇ ಒಡ್ಡಿ, ನೀರಿನ ಟ್ಯಾಂಕಿನ ಗೋಡೆಯವರೆಗೂ ಎಳೆದಳು. ಅಲ್ಲಿ ಒರಗಿಸಿ ನಿಂತಳು. "ಹಗುರಾಯ್ತಾ?" ಎಂದು ಕೇಳಲು ಯಾರಿಗೂ ಧೈರ್ಯವಾಗಲಿಲ್ಲ. ಅವಳೇ ಮಗಳಿಗೆ ಹೇಳಿದಳು:

"ಗೊತ್ತಾಯ್ತು ಬಿಡು."

"ಏನು ಗೊತ್ತಾಯ್ತಮ್ಮ? ಭಾರ ಇತ್ತು ತಾನೆ? ಸೋಮವಾರ ಹೋಗೋಣ."

"ಇಲ್ಲ ಮಗಳೇ. ನಿಮ್ಮಪ್ಪನಿಗೆ ದೇವರು ಇಳಿಸಿ ಹೋಗು ಅಂದ. ನನಗೆ ಹೊತ್ಕೋ ಅಂತಿದಾನೆ. ತೆಗೆಸಿ ಎಸೀಬಾರ್ದಂತೆ, ಹೊರ್ಬೇಕಂತೆ. ಹೊರೋಕೂ ಶಕ್ತಿ ಕೊಟ್ಟ, ನೋಡಿದ್ಯಲ್ಲ. ಆಸ್ಪತ್ರೆ ಬೇಡ." ಅವಳ ಮುಖದಲ್ಲಿ ನೆಮ್ಮದಿ ಇತ್ತು; ಅಣ್ಣನ ಮುಖದಲ್ಲಿ ಇದ್ದಂಥದ್ದೇ.

ಹಗುರವಾದರೂ ಆಸ್ಪತ್ರೆ ಬೇಡ, ಭಾರವಾದರೂ ಆಸ್ಪತ್ರೆ ಬೇಡ. ತಾನು ತುಂಬಿದ ಮರಳಿನಲ್ಲಿ ಇಂಥದ್ದೊಂದು ಉತ್ತರ ಅಡಗಿತ್ತೆಂದು ಪೆಟ್ಟಿಗೆಯಣ್ಣನಿಗೆ ಹೊಳೆದಿರಲಿಲ್ಲ.

"ಅತ್ತಿಗೆ, ಅದರೊಳಗೆ ಮರಳಿದೆ."

"ಯಾವುದರೊಳಗೆ?"

"ಶಿಲುಬೆ ಒಳಗೆ. ನಿನ್ನೆ ನಾನೇ ತುಂಬಿದೆ. ನಿಮಗೆ ಭಾರ ಆಗ್ಲಿ, ಆಸ್ಪತ್ರೆಗೆ ಹೋಗ್ಲಿ ಅಂತ."

"ಮರ ಗಟ್ಟಿ ಇರುತ್ತಪ್ಪ. ಅದರಲ್ಲಿ ಮರಳು ಹೇಗೆ ತುಂಬ್ತಾರೆ?" ಅವಳು ಅವನಿಗೆ ಜ್ವರ ಬಂದಿದೆಯೇನೋ ಎಂಬಂತೆ ನೋಡಿದಳು.

"ಗಟ್ಟಿ ಇಲ್ಲ. ಪೆಟ್ಟಿಗೆ ಥರಾನೇ ಮಾಡಿದ್ದೆ. ಮೊದಲಿಂದ್ಲೂ ಖಾಲಿ."

ಅವಳು ಜಾರಿದ್ದ ಸೆರಗನ್ನು ಹೆಗಲಿಗೆ ಎಳೆದುಕೊಂಡಳು. ಆಮೇಲೆ, "ಅವರು ಹೊತ್ತಾಗ?"

"ಖಾಲಿ ಅತ್ತಿಗೆ."

ಅವಳು ನಂಬಲಿಲ್ಲ, ಅಥವಾ ನಂಬಬಾರದೆಂದು ಹಟ ಹಿಡಿದಳು. "ಸುಳ್ಳು. ನನ್ನ ಆಸ್ಪತ್ರೆಗೆ ಕಳಿಸ್ಬೇಕು ಅಂತ ಸುಳ್ಳು ಹೇಳ್ತಿದೀಯ." ಅವನು ಶಿಲುಬೆಯನ್ನು ಗೋಡೆಯ ಬದಿಗೆ ಮಲಗಿಸಿ, ನಿನ್ನೆ ಎಬ್ಬಿಸಿದ ಹಲಗೆಯ ಸಂದಿಗೆ ಬೆರಳ ತುದಿ ತುರುಕಿ ಎಳೆದ. ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ಹಲಗೆ ಬಾಯಿಬಿಟ್ಟಿತು. ಮರಳು ಕುಸಿದು ರಸ್ತೆಗೆ ಸುರಿಯಿತು. ಜನ ಮುಂದೆ ಬಂದು, ನೋಡಿ, ಹಿಂದೆ ಸರಿದರು.

"ಮರದೊಳಗೆ ಮರಳು" ಎಂದ ಗಂಟೆ ಮಾಮ. ಮಾತು ಅಲ್ಲಿಗೇ ನಿಲ್ಲಲಿಲ್ಲ. "ಮರುಳಾದೋರು ನಾವು." ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಅತ್ತಿಗೆ ಗೋಡೆ ಹಿಡಿದು ನೆಲಕ್ಕೆ ಕೂತಳು. ಬೈಯುತ್ತಾಳೆಂದು ಪೆಟ್ಟಿಗೆಯಣ್ಣ ಕಾದ, ಬೈದರೆ ಸಾಕಿತ್ತು. ಅವಳು ಬೈಯಲಿಲ್ಲ. ಅವನನ್ನು ಕೇಳಿದಂತೆಯೂ ಇರಲಿಲ್ಲ, ಮಗಳನ್ನು ಕೇಳಿದಂತೆಯೂ ಇರಲಿಲ್ಲ:

"ಈಗ ನಾನು ಯಾರನ್ನ ಕೇಳ್ಲಿ?"

ಮಗಳು ಅವಳನ್ನು ಎಬ್ಬಿಸಿಕೊಂಡು ಇಳಿಜಾರಿನಲ್ಲಿ ಕೆಳಗೆ ಕರೆದುಕೊಂಡು ಹೋದಳು. ಫಾದರ್ ಮುಂದಿನ ಪ್ರಾರ್ಥನೆ ಆರಂಭಿಸಿದರು; ದನಿ ಎರಡು ಸಲ ತಡವರಿಸಿತು. ಯಾರೋ ಶಿಲುಬೆ ಎತ್ತಿಕೊಂಡರು. ತೆರೆದ ಬಾಯಿಂದ ಮರಳು ಉದುರುತ್ತಾ, ಅದು ದಾರಿಯುದ್ದಕ್ಕೂ ಹಗುರವಾಗುತ್ತಾ ಹೋಯಿತು. ಆ ಬಗ್ಗೆ ಯಾರೂ ಯಾರನ್ನೂ ಕೇಳಲಿಲ್ಲ.

ಶನಿವಾರ ಅಂಗಡಿಯ ಹೊರಕೋಣೆಯಲ್ಲಿ ಯಂತ್ರಕ್ಕೆ ಬಟ್ಟೆ ಮುಚ್ಚಿತ್ತು. ಹಾದು ಹೋಗುವವರಲ್ಲಿ ಕೆಲವರು ಮುಖ ತಿರುಗಿಸಿದರು. ಶಿಲುಬೆ ಹೊತ್ತ ಮೇಲೆ ಮಗುವಾದ ಹೆಂಗಸೊಬ್ಬಳು ಆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಬಂದು, "ಇವನೂ ಟೊಳ್ಳಾ? ಬಡಿದು ನೋಡಿ ಹೇಳಿ" ಎಂದು ಕೇಳಿ ಹೋದಳು. ಮಗು ಮಾತ್ರ ದುಂಡು ದುಂಡಾಗಿತ್ತು.

ಸೋಮವಾರ ಅವನು ಆಸ್ಪತ್ರೆಗೆ ಹೋಗಿ ಹೊರರೋಗಿಗಳ ಹಜಾರದಲ್ಲಿ ಕೂತ. ಅವಳು ಬರುತ್ತಾಳೋ ಇಲ್ಲವೋ ತಿಳಿದಿರಲಿಲ್ಲ. ಅವಳ ಮನೆಗೆ ಹೋಗಿ ಕೇಳುವ ಮುಖವಿರಲಿಲ್ಲ. ಅವನು ಆ ಕಟ್ಟಡಕ್ಕೆ ಯಾವಾಗಲೂ ಹಿಂಬಾಗಿಲಿನಿಂದ, ಶವಾಗಾರದ ಕಡೆಯಿಂದ ಬರುವವನು. ಅಟೆಂಡರ್ ಅವನನ್ನು ಕಂಡು ಗಾಬರಿಯಾಗಿ ಬಂದ. "ಯಾರಣ್ಣ? ನಮಗಿನ್ನೂ ಹೇಳೇ ಇಲ್ಲ."

"ಯಾರೂ ಇಲ್ಲ. ಕೂತಿದೀನಿ ಅಷ್ಟೇ."

ಪಕ್ಕದಲ್ಲಿದ್ದ ರೋಗಿಗಳಿಬ್ಬರು ಎದ್ದು ಬೇರೆ ಬೆಂಚಿಗೆ ಹೋದರು. ಹೊತ್ತು ಏರಿದ ಮೇಲೆ ಅತ್ತಿಗೆ ಬಂದಳು, ಕೈಯಲ್ಲಿ ಬಟ್ಟೆಯ ಚೀಲ, ಹಿಂದೆ ಮಗಳು. ಅವನ ಮುಂದೆ ನಿಂತಳು. ಮೂರು ದಿನದಲ್ಲಿ ಅವಳ ಕಣ್ಣು ಒಳಗೆ ಹೋಗಿತ್ತು.

"ಕೇಳೋಕೆ ಇನ್ಯಾರೂ ಉಳಿದಿಲ್ಲ ಅಂತ ಬಂದೆ. ನೀನು ಹೇಳಿದ್ದಕ್ಕಲ್ಲ."

"ಆಯ್ತು ಅತ್ತಿಗೆ."

"ಒಂದು ಮಾತು ಹೇಳು. ಅವರು ಬಂದು ಗರಿ ಗರಿ ಅಂದಾಗ ನಿಂಗೆ ಒಳಗೊಳಗೇ ನಗು ಬಂತಾ?"

ಪೆಟ್ಟಿಗೆಯಣ್ಣ ನೆಲದ ಹಾಸುಕಲ್ಲು ನೋಡಿದ. "ಇಲ್ಲ. ಅಣ್ಣನ ಮುಖ ನೋಡಿ ನಂಗೂ ನಂಬಿಕೆ ಬಂತು. ಒಳಗೆ ಏನೂ ಇಲ್ಲ ಅಂತ ನಂಗೆ ಗೊತ್ತಿತ್ತು. ಆದ್ರೂ ಬಂತು."

ಅವಳು ಇದನ್ನು ಬಟ್ಟೆಯ ಅಂಚು ಮಡಚುವ ಹಾಗೆ ಮನಸ್ಸಿನಲ್ಲಿ ಆಚೀಚೆ ತಿರುಗಿಸಿ ನೋಡಿದಂತಿತ್ತು. ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಒಳಗಿನಿಂದ ನರ್ಸ್ ಕರೆದಳು. ತಾಯಿ ಮಗಳು ಬಾಗಿಲು ದಾಟಿ ಹೋದರು.

ಬಹಳ ಹೊತ್ತಿನ ಮೇಲೆ ಮಗಳೊಬ್ಬಳೇ ಬಂದು ಅವನಿಂದ ಒಂದು ಕುರ್ಚಿ ಬಿಟ್ಟು ಕೂತಳು.

"ಸೇರಿಸ್ಕೊಂಡ್ರು. ನಾಳೆ ತೆಗೀತಾರಂತೆ."

"ಹರಡಿದೆಯಂತಾ?"

"ತೆರೆದು ನೋಡಿದ ಮೇಲೇ ಗೊತ್ತಾಗೋದು ಅಂದ್ರು."

ಪೆಟ್ಟಿಗೆಯಣ್ಣ ತಲೆಯಾಡಿಸಿದ. ಕೈ ಜೋಡಿಸಿ, ಪ್ರಾರ್ಥನೆಗೆಂದು ಬಾಯಿ ತೆರೆದ. ಯಾವ ಮಾತಿನಿಂದ ಶುರು ಮಾಡಬೇಕೆಂದು ತಿಳಿಯದೆ ಹಾಗೇ ಮುಚ್ಚಿಕೊಂಡ.